ತೋಕುಜಿ ಪಂಡಿತರು ಅಡುಗೆಮನೆ ಎತ್ತಿಟ್ಟ ಪ್ರಸಂಗ

"ಈ ಧಾರಾವಾಹಿಲಿ ನಮ್ಮ ಸಾಗಾ ಮಾತು ಒಂದೇ ಒಂದು ಕಡೆ ಕೆಟ್ರೂ ನನ್ನ ಹೆಸರು ಮಿತ್ಸುತಾಕೆ ತೋಕುಜಿ ಅಲ್ಲ!"

ಹೀಗೆಂದು ಘೋಷಿಸುವಾಗ ತೋಕುಜಿಯ ಬಾಯಲ್ಲಿ ಅರ್ಧ ಅಗಿದ ಉಪ್ಪು ಮೂಲಂಗಿ ಇತ್ತು. ಹಾಗಾಗಿ ಘೋಷಣೆಗೆ ಸಿಗಬೇಕಾದ ಗಾಂಭೀರ್ಯ ಸಿಗಲಿಲ್ಲ.

"ಹಂಗಾದ್ರೆ ಇನ್ನೇನಂತ ಕರೀಲಿ, ಈಗ್ಲೇ ಹೇಳ್ಬುಡಿ. ಪೋಸ್ಟಿನವರಿಗೂ ತಿಳಿಸ್ಬೇಕು," ಎಂದಳು ಹೆಂಡತಿ ತಮಾಯೊ, ಅವನ ಬಟ್ಟಲಿಗೆ ಚಹಾ ಬಗ್ಗಿಸುತ್ತ.

ತೋಕುಜಿಯ ಕಸುಬು ಜಪಾನಿನ ಕ್ಯೂಷೂ ದ್ವೀಪದ ಸಾಗಾ ಸೀಮೆಗೆ ತಾಗಿದ ಅರಿಯಾಕೆ ಕಡಲಿನಲ್ಲಿ ನೋರಿ ಬೆಳೆಯುವುದು. ಅನ್ನಕ್ಕೆ ಸುತ್ತುವ ಆ ಕಪ್ಪು ಕಡಲಪಾಚಿ ಚಳಿಗಾಲದ ಬೆಳೆ. ವಸಂತದಲ್ಲಿ ಬಲೆಗಳನ್ನು ಮೇಲೆತ್ತಿದ ಮೇಲೆ ಶರತ್ಕಾಲದವರೆಗೆ ಅವನಿಗೆ ದೊಡ್ಡ ಕೆಲಸವಿರಲಿಲ್ಲ. ಆ ಆರು ತಿಂಗಳು ಅವನು ಟಿ.ವಿ. ಮುಂದೆ ಕೂತು ಕ್ಯೂಷೂ ದ್ವೀಪದ ಕಥೆಯಿರುವ ಸಿನಿಮಾ, ಧಾರಾವಾಹಿಗಳನ್ನೆಲ್ಲ ಹುಡುಕಿ ಹುಡುಕಿ ನೋಡುತ್ತಿದ್ದ. ನೋಡಿ ಸಂತೋಷಪಡುವುದಕ್ಕಲ್ಲ, ತಪ್ಪು ಹಿಡಿಯುವುದಕ್ಕೆ. "ಇವನು ಆಡ್ತಿರೋದು ಹಕಾತಾ ಮಾತು," "ಇದು ಕುಮಾಮೊತೊದ್ದು," "ಇದು ಭೂಲೋಕದ್ದೇ ಅಲ್ಲ," ಎಂದು ಅವನು ತೀರ್ಪು ಕೊಡುತ್ತಿದ್ದರೆ ತಮಾಯೊಗೆ ಕಥೆಯಲ್ಲಿ ಯಾರು ಸತ್ತರು, ಯಾರು ಅತ್ತರು ಎಂಬುದೇ ತಿಳಿಯುತ್ತಿರಲಿಲ್ಲ.

ಅವನ ಸಿಟ್ಟಿಗೆ ಕಾರಣ ಇಲ್ಲದೆ ಇರಲಿಲ್ಲ. ಸಿನಿಮಾದವರಿಗೆ ಇಗರ್ಜಿ ಬೇಕಾದರೆ ನಾಗಾಸಾಕಿಗೆ ಹೋಗುತ್ತಾರೆ. ಜ್ವಾಲಾಮುಖಿ ಬೇಕಾದರೆ ಕಾಗೋಶಿಮಾಕ್ಕೆ. ರೌಡಿಗಳು ಬೇಕಾದರೆ ಫುಕುಓಕಾಕ್ಕೆ. ಬಿಸಿನೀರಿನ ಬುಗ್ಗೆಯಲ್ಲಿ ಹೆಣ ತೇಲಬೇಕಾದರೆ ಓಇತಾ ಇದ್ದೇ ಇದೆ. ನಮ್ಮ ಸಾಗಾ ಸೀಮೆ ತೆರೆಯ ಮೇಲೆ ಬರುವುದು ನಾಯಕ ರೈಲಿನಲ್ಲಿ ನಾಗಾಸಾಕಿಗೆ ಹೋಗುವಾಗ ಮಾತ್ರ, ಅದೂ ಅವನು ನಿದ್ದೆ ಹೋಗಿರುವಾಗ. ಎದ್ದು ಕಿಟಕಿಯಾಚೆ ನೋಡುವಷ್ಟರಲ್ಲಿ ಸಾಗಾ ಮುಗಿದಿರುತ್ತದೆ.

ಹೀಗಿರುವಾಗ ಟೋಕಿಯೋದ ಟಿ.ವಿ. ಮಂದಿ ಅರವತ್ತು ವರ್ಷದ ಹಿಂದಿನ ಸಾಗಾದ ಕಥೆಯೊಂದನ್ನು ತೆಗೆಯಲು ಈ ಊರಿಗೇ ಬಂದರು. ಮನೆ ಮನೆ ಹೊಕ್ಕು ನೋಡಿ, ಕೊನೆಗೆ ತೋಕುಜಿಯ ಅಡುಗೆಮನೆಗೆ ಕೈಮುಗಿದರು. ಮಣ್ಣಿನ ನೆಲ, ಸೌದೆ ಒಲೆ, ಮಸಿ ಹಿಡಿದ ತೊಲೆ. "ಎಷ್ಟು ಶ್ರದ್ಧೆಯಿಂದ ಕಾಪಾಡಿಕೊಂಡು ಬಂದಿದೀರಿ," ಎಂದು ನಿರ್ದೇಶಕ ಸೆಗಾವಾ ಗದ್ಗದಿತನಾದ.

"ಹೌದೌದು. ಮುಂದಿನ ವರ್ಷ ಹೊಸದು ಮಾಡಿಸ್ತೀನಿ ಅಂತ ಇವರು ಇಪ್ಪತ್ತು ವರ್ಷದಿಂದ ಕಾಪಾಡ್ತಾನೇ ಅವರೆ," ಎಂದಳು ತಮಾಯೊ.

ಮನೆಯ ಜೊತೆಗೆ ಮನೆಯ ಯಜಮಾನನನ್ನೂ ಅವರು ಒಪ್ಪಿಕೊಳ್ಳಬೇಕಾಯಿತು. ಯಾಕೆಂದರೆ ತೋಕುಜಿ ಅವರನ್ನು ಬಿಡಲಿಲ್ಲ. ಸಾಗಾ ಭಾಷೆಯ ಮಾರ್ಗದರ್ಶಕನಾಗಿ ತನ್ನನ್ನು ತಾನೇ ನೇಮಿಸಿಕೊಂಡು, ಇನ್ನೂರ ಹದಿನಾಲ್ಕು ಸಾಗಾ ಶಬ್ದಗಳನ್ನು ಟೋಕಿಯೋ ಅರ್ಥಸಹಿತ ನೋಟ್‌ಬುಕ್ಕಿನಲ್ಲಿ ಬರೆದು, ಪ್ರತಿ ಮಾಡಿಸಿ, ತಂಡದ ಪ್ರತಿಯೊಬ್ಬರಿಗೂ ಹಂಚಿದ. ಅಡುಗೆಯವರಿಗೂ ಒಂದು ಕೊಟ್ಟ.

ಆದರೆ ನಿಜವಾದ ಸಂಭ್ರಮ ತಮಾಯೊದು. ಅವಳಿಗೆ ಧಾರಾವಾಹಿಯಲ್ಲಿ ಒಂದು ಮಾತು ಸಿಕ್ಕಿತ್ತು. ತಾಯಿ ಸತ್ತ ಹುಡುಗಿಯೊಬ್ಬಳು, ಅಂದರೆ ಕಥೆಯ ನಾಯಕಿ, ಬಟ್ಟೆಯ ಗಂಟು ಅವುಚಿಕೊಂಡು ಗುರುತಿಲ್ಲದ ಮನೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ಒಳಗೆ ಬರಲು ಅವಳಿಗೆ ಸಂಕೋಚ. ಆಗ ಮನೆಯಾಕೆ, "ಆ ಗಂಟು ಕೆಳಗೆ ಮಡಗು. ಅನ್ನ ಆರೋಯ್ತದೆ, ಬಂದು ಉಣ್ಣು," ಅನ್ನಬೇಕು. ಅಷ್ಟೇ.

ಅಷ್ಟೇ ಎಂದು ನಾವು ನೀವು ಅನ್ನಬಹುದು. ತಮಾಯೊ ಹದಿನೆಂಟನೆಯ ವಯಸ್ಸಿಗೆ ಟೋಕಿಯೋದ ದೊಡ್ಡ ಅಂಗಡಿಯೊಂದರಲ್ಲಿ ಲಿಫ್ಟ್ ನಡೆಸುವ ಕೆಲಸಕ್ಕೆ ಸೇರಿದ್ದಳು. ಮೊದಲ ದಿನ ಅವಳು ಬಾಯಿಬಿಟ್ಟ ಕೂಡಲೇ ಗಿರಾಕಿಗಳು ನಕ್ಕರು. ಮೇಲ್ವಿಚಾರಕಿ ಏಳು ವಾಕ್ಯ ಬರೆದುಕೊಟ್ಟು, ಇದನ್ನು ಬಿಟ್ಟು ಎಂಟನೆಯದು ಬಾಯಿಂದ ಬರಕೂಡದು ಎಂದಳು. ಎರಡು ವರ್ಷ ತಮಾಯೊ ಆ ಏಳು ವಾಕ್ಯಗಳಲ್ಲೇ ಮೇಲೆ ಕೆಳಗೆ ಓಡಾಡಿ, ಕೊನೆಗೆ ಊರಿಗೆ ಬಂದು ತೋಕುಜಿಯನ್ನು ಕಟ್ಟಿಕೊಂಡಳು. ಅಂದಿನಿಂದ ಪರಊರಿನವರ ಮುಂದೆ ಅವಳ ದನಿ ಅರ್ಧಕ್ಕೆ ಇಳಿಯುತ್ತಿತ್ತು. ಈಗ ಅದೇ ಟೋಕಿಯೋ ಅವಳ ಮನೆಬಾಗಿಲಿಗೆ ಬಂದು ಅದೇ ಮಾತು ಬೇಕು ಅಂದಿತ್ತು. ಒಂದು ತಿಂಗಳು ಅವಳು ಅಕ್ಕಿ ತೊಳೆಯುತ್ತ, ಬಟ್ಟೆ ಹರವುತ್ತ ಅದನ್ನೇ ಹೇಳಿಕೊಂಡಳು. ಕೇಳಿ ಕೇಳಿ ಎದುರುಮನೆ ಎಗುಚಿಯ ನಾಯಿ ದಿನಾ ಊಟದ ಆಸೆಯಿಂದ ಬಂದು ಕೂರತೊಡಗಿತು.

ಚಿತ್ರೀಕರಣದ ದಿನ ಬೆಳಿಗ್ಗೆ ಅರ್ಧ ದೃಶ್ಯ ಮುಗಿಯಿತು. ಮನೆಯವರ ಪಾತ್ರದವರು ತಗ್ಗು ಮೇಜಿನ ಸುತ್ತ ಕೂತು ಉಣ್ಣುತ್ತಿರುತ್ತಾರೆ, ಹುಡುಗಿ ಬಾಗಿಲಿಗೆ ಬರುತ್ತಾಳೆ. ಮನೆಯಾಕೆ ಇನ್ನೂ ಕ್ಯಾಮೆರಾಕ್ಕೆ ಬಿದ್ದಿರಲಿಲ್ಲ. ಅಲ್ಲಿಗೆ ನಿಲ್ಲಿಸಿ, ಮಧ್ಯಾಹ್ನ ಕಿಟಕಿಯ ಬಿಸಿಲು ಮೇಜಿನ ಮೇಲೆ ಬಿದ್ದಾಗ ತಮಾಯೊ ಮಾತು ತೆಗೆಯುವುದೆಂದಾಯಿತು. ತಮಾಯೊ ತಲೆಗೂದಲು ಕಟ್ಟಿಸಿಕೊಳ್ಳಲು ಪೇಟೆಗೆ ಓಡಿದಳು. ತಂಡ ಸಮುದಾಯ ಭವನಕ್ಕೆ ಊಟಕ್ಕೆ ಹೊರಟಿತು.

ಕೊನೆಗೆ ಹೊರಟವಳು ಸಹಾಯಕ ನಿರ್ದೇಶಕಿ ನೆಮೋತೊ. ನಲವತ್ತು ದಾಟಿದ, ಎರಡು ಫೋನುಗಳ, ನಿದ್ದೆ ಕಾಣದ ಕಣ್ಣಿನ ಹೆಂಗಸು. ಉಂಡವರು ಬಟ್ಟಲು ಸರಿಸಿದ್ದರು, ಕೂರುವ ದಿಂಬು ಎಳೆದಾಡಿದ್ದರು. ಅವಳು ಅದನ್ನೆಲ್ಲ ಸರಿಮಾಡಲು ಬಗ್ಗಿದ್ದೇ ತಡ, ತೋಕುಜಿ ಅಡ್ಡ ಬಂದ.

"ನೀವು ಹೋಗಿ ಉಣ್ಣಿ ನೆಮೋತೊ-ಸಾನ್. ಈ ತೋಕುಜಿ ಇರೋವಾಗ ನೀವ್ಯಾಕೆ ಬಗ್ಗಬೇಕು? ಏನಾಗ್ಬೇಕು ಹೇಳಿ."

ಮೂರು ದಿನದಿಂದ ಅವಳಿಗೆ ಇಷ್ಟು ಒಳ್ಳೆಯ ಮಾತನ್ನು ಯಾರೂ ಆಡಿರಲಿಲ್ಲ. "ನಿಜವಾಗ್ಲೂ? ತುಂಬಾ ಉಪಕಾರವಾಯ್ತು. ಈ ಮೇಜಿನ ಮೇಲಿನದೆಲ್ಲ ನವೋಸು. ದಿಂಬುಗಳೂ. ಗೋಡೆ ಗಡಿಯಾರಾನೂ ನವೋಸು ಮಾಡಿಬಿಡಿ," ಎಂದು ಎರಡು ಸಲ ಬಗ್ಗಿ ನಮಸ್ಕರಿಸಿ ಓಡಿದಳು.

ಇಲ್ಲೊಂದು ಮಾತು ಓದುಗರ ಕಿವಿಯಲ್ಲಿ ಹೇಳಲೇಬೇಕು. ಟೋಕಿಯೋದವರ ಬಾಯಲ್ಲಿ 'ನವೋಸು' ಎಂದರೆ ಸರಿಮಾಡು, ಮೊದಲಿದ್ದ ಹಾಗೆ ಮಾಡು. ಕ್ಯೂಷೂದವರಿಗೆ ಅದು ಎತ್ತಿಡು, ತೆಗೆದು ಒಳಗಿಡು. ಸ್ವಾರಸ್ಯ ಏನೆಂದರೆ, ಇದು ತಮ್ಮ ಸೀಮೆಯ ಮಾತು ಎಂಬುದೇ ಇಲ್ಲಿಯವರಿಗೆ ಗೊತ್ತಿಲ್ಲ. ದೇಶವೆಲ್ಲ ಹೀಗೇ ಮಾತಾಡುತ್ತದೆ ಅಂದುಕೊಂಡಿದ್ದಾರೆ. ತೋಕುಜಿಯ ಇನ್ನೂರ ಹದಿನಾಲ್ಕು ಶಬ್ದಗಳಲ್ಲಿ ಇದೊಂದು ಇರಲಿಲ್ಲ. ದೀಪದ ಕೆಳಗೇ ಕತ್ತಲೆ.

ತೋಕುಜಿಗೆ ಮೊದಲು ಸ್ವಲ್ಪ ಆಶ್ಚರ್ಯವಾಯಿತು. ಮೂರು ದಿನ ಕಷ್ಟಪಟ್ಟು ಜೋಡಿಸಿದ್ದನ್ನು ಎತ್ತಿಡು ಅನ್ನುತ್ತಾರಲ್ಲ ಎಂದು. ಆಮೇಲೆ, ದೊಡ್ಡವರ ರೀತಿಯೇ ಬೇರೆ, ನಮಗೇಕೆ ಎಂದು ತೋಳು ಏರಿಸಿದ. ಬಟ್ಟಲುಗಳನ್ನು ತೊಳೆದು, ಒರೆಸಿ, ಹಳೇ ಪತ್ರಿಕೆ ಸುತ್ತಿ ಪೆಟ್ಟಿಗೆಗೆ ತುಂಬಿದ. ಮೇಜಿನ ಕಾಲು ಮಡಚಿ ಉಗ್ರಾಣದ ಗೋಡೆಗೆ ಒರಗಿಸಿದ. ದಿಂಬುಗಳನ್ನು ಕೊಡವಿ ಕಪಾಟಿಗೆ ಹಾಕಿದ. ಗಡಿಯಾರ ಇಳಿಸಿದ. ಗಡಿಯಾರ ಹೋದ ಮೇಲೆ ಪಕ್ಕದ ಕ್ಯಾಲೆಂಡರ್ ಅನಾಥವಾಗಿ ಕಂಡಿತು, ಅದನ್ನೂ ಇಳಿಸಿದ. ಕೆಟಲು, ಅನ್ನದ ಮರದ ತೊಟ್ಟಿ, ಮಾಡಿನಿಂದ ತೂಗುತ್ತಿದ್ದ ಮೂಲಂಗಿ ಸರ, ನೊಣ ಕೂರದಂತೆ ಮುಚ್ಚುವ ಬಲೆ ಎಲ್ಲವೂ ಒಂದೊಂದಾಗಿ ಹೋದವು.

ಇಷ್ಟಕ್ಕೇ ನಿಲ್ಲಿಸಿದ್ದರೆ ಅವನು ತೋಕುಜಿ ಹೇಗಾದಾನು? ಹೇಳಿದ್ದಕ್ಕಿಂತ ಒಂದು ಮುಷ್ಟಿ ಹೆಚ್ಚು ಮಾಡುವುದು ಅವನ ಮನೆತನದ ಗುಣ. ಒಲೆಯ ಹಿಂದಿನ ಗೋಡೆಗೆ ಕಲಾ ವಿಭಾಗದವರು ಕುಂಚದಲ್ಲಿ ಹಚ್ಚಿದ್ದ ಮಸಿ ಅವನ ಕಣ್ಣಿಗೆ ಬಿತ್ತು. ಸೋಪಿನ ನೀರು ತಂದು, ಮೂವತ್ತೆಂಟು ವರ್ಷದ ಸಂಸಾರದಲ್ಲಿ ಮೊಟ್ಟಮೊದಲ ಬಾರಿಗೆ, ಅಡುಗೆಮನೆಯ ಗೋಡೆ ತಿಕ್ಕಿದ. ನೆಲ ಗುಡಿಸಿ, ಬಾಗಿಲಲ್ಲಿ ಎದೆಯುಬ್ಬಿಸಿ ನಿಂತು ಟೋಕಿಯೋಕ್ಕಾಗಿ ಕಾದ.

ಮೊದಲು ಬಂದವಳು ನೆಮೋತೊ. ಒಳಗೆ ಕಾಲಿಟ್ಟು, ಹೊರಗೆ ಹೋಗಿ, ಬೇರೆ ಮನೆಗೆ ಬಂದೆನೇನೋ ಎಂದು ಹೆಸರಿನ ಫಲಕ ಓದಿ, ಮತ್ತೆ ಒಳಗೆ ಬಂದಳು.

"ಎಲ್ಲಿ?" ಎಂದಳು ಸಣ್ಣ ದನಿಯಲ್ಲಿ.

"ಏನೆಲ್ಲಿ?"

"ಎಲ್ಲ."

"ನೀವು ಹೇಳಿದ ಹಂಗೇ ನವೋಸು ಮಾಡಿವ್ನಿ. ಒಂದು ಬಟ್ಟಲೂ ಒಡೆದಿಲ್ಲ. ಗೋಡೆ ನೋಡಿದ್ರಾ?"

ನೆಮೋತೊ ಗೋಡೆ ನೋಡಿದಳು. ನೋಡಿ ನೆಲದ ಮೇಲೆ ಕೂತುಬಿಟ್ಟಳು. "ಮಿತ್ಸುತಾಕೆ-ಸಾನ್, ನವೋಸು ಅಂದ್ರೆ ಮೊದಲಿದ್ದ ಹಾಗೆ ಸರಿ ಮಾಡೋದು ಅಲ್ವಾ?"

"ಎತ್ತಿಡೋದು."

"ಎತ್ತಿಡೋದಕ್ಕೆ ಎತ್ತಿಡೋದು ಅಂತಾರೆ."

"ಹಂಗಾದ್ರೆ ನೀವು ಹೇಳ್ತಿರೋದು ಟೋಕಿಯೋ ಕಡೆ ಹಳ್ಳಿ ಮಾತಿರಬೇಕು," ಎಂದ ಭಾಷಾ ಮಾರ್ಗದರ್ಶಕ. ಎಂದ ಮೇಲೆ ಅವನಿಗೆ ಏನೋ ಹೊಳೆದಂತಾಗಿ, ಕಿವಿಯ ತುದಿಯಿಂದ ಶುರುವಾಗಿ ಮುಖವೆಲ್ಲ ಬಿಸಿಯಾಯಿತು.

ಸೆಗಾವಾ ಬಂದ. ಸಿಡುಕಲಿಲ್ಲ, ಕೂಗಲಿಲ್ಲ. ಅದೇ ಭಯವಾಗಿದ್ದು. ಕಿಟಕಿಯ ಬಿಸಿಲು ನೋಡಿ, ಕೈಗಡಿಯಾರ ನೋಡಿ ಮೆಲ್ಲಗೆ ಹೇಳಿದ. "ಬೆಳಗ್ಗೆ ತೆಗೆದಿರೋದರಲ್ಲಿ ಈ ವಸ್ತುಗಳೆಲ್ಲ ಇವೆ. ಈಗ ಒಂದು ಬಟ್ಟಲು ಆಚೀಚೆ ಆದ್ರೂ ನೋಡೋರಿಗೆ ಗೊತ್ತಾಗತ್ತೆ. ಮೂರು ಗಂಟೆಗೆ ಬಿಸಿಲು ಹೋಗತ್ತೆ. ಐದಕ್ಕೆ ನಾಯಕಿಯ ವಿಮಾನ, ಮತ್ತೆ ಆಕೆ ಇಲ್ಲಿಗೆ ಬರೋಕಾಗಲ್ಲ. ಇವತ್ತು ಆಗದಿದ್ರೆ ಟೋಕಿಯೋದ ಸ್ಟುಡಿಯೋದಲ್ಲೇ ಅಡುಗೆಮನೆ ಕಟ್ಟಿ ಪೂರ್ತಿ ದೃಶ್ಯ ಹೊಸದಾಗಿ ತೆಗೀಬೇಕು."

"ನಮ್ಮ ತಮಾಯೊ ಮಾತು?" ಎಂದ ತೋಕುಜಿ.

"ಅಲ್ಲಿನ ಯಾರಾದ್ರೂ ನಟಿ ಹೇಳಬೇಕಾಗತ್ತೆ. ಕ್ಷಮಿಸಿ."

ತೋಕುಜಿ ನೆಲಕ್ಕೆ ಹಣೆ ಹಚ್ಚಿದ. ತಪ್ಪು ನನ್ನದು ಎಂದು ನೆಮೋತೊ ಅವನ ಪಕ್ಕದಲ್ಲೇ ಹಣೆ ಹಚ್ಚಿದಳು. ಅವನು ಏಳುವಾಗ ಅವಳು ಬಗ್ಗುತ್ತಿದ್ದಳು, ಅವಳು ಏಳುವಾಗ ಅವನು. ಇಬ್ಬರೂ ಹೀಗೆ ಅಕ್ಕಿ ಕುಟ್ಟುತ್ತಿರುವಾಗ ಬಾಗಿಲಲ್ಲಿ ತಮಾಯೊ ಬಂದು ನಿಂತಳು. ತಲೆಗೂದಲನ್ನು ಅರವತ್ತು ವರ್ಷ ಹಿಂದಿನ ರೀತಿಯಲ್ಲಿ ಭರ್ಜರಿಯಾಗಿ ಕಟ್ಟಿಸಿಕೊಂಡಿದ್ದಳು.

ಅವಳು ಖಾಲಿ ಅಡುಗೆಮನೆ ನೋಡಿದಳು. ಫಳಫಳ ಹೊಳೆಯುವ ಗೋಡೆ ನೋಡಿದಳು. ನೆಲದ ಮೇಲಿದ್ದ ಗಂಡನನ್ನು ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ. ಮೂವತ್ತೆಂಟು ವರ್ಷದ ಅನುಭವ.

"ಬಗ್ಗೋದು ಆಮ್ಯಾಕೆ ಬಗ್ಗೀರಂತೆ," ಎಂದಳು. "ಮೊದ್ಲು ಆ ಮೇಜು ಎತ್ಕೊಂಡ್ ಬನ್ನಿ."

ಮುಂದಿನ ಮುಕ್ಕಾಲು ಗಂಟೆ ಆ ಮನೆಯಲ್ಲಿ ನಡೆದದ್ದನ್ನು ಕ್ಯಾಮೆರಾ ಹಿಡಿದಿದ್ದರೆ ಅದೇ ಬೇರೆ ಸಿನಿಮಾ ಆಗುತ್ತಿತ್ತು. ನೆಮೋತೊ ಬೆಳಗಿನ ಫೋಟೋಗಳನ್ನು ಹಿಡಿದು ನಿಂತಳು. ತಮಾಯೊ ಅದರ ಕಡೆ ತಿರುಗಿಯೂ ನೋಡಲಿಲ್ಲ. ಬೆಳಿಗ್ಗೆಯೆಲ್ಲ ಮೂಲೆಯಲ್ಲಿ ಕೂತು ನೋಡಿದ್ದಳು. ತನ್ನ ಅಡುಗೆಮನೆಯಲ್ಲಿ ಬೇರೆಯವರು ಎಲ್ಲೆಲ್ಲಿ ಏನೇನು ಇಟ್ಟರು ಎಂಬುದನ್ನು ಯಾವ ಹೆಂಗಸು ಮರೆತಾಳು? ಅವಳ ಕೈಗಳು ತಾವಾಗಿಯೇ ಓಡಾಡಿದವು. ಬಾಯಿ ಅದಕ್ಕಿಂತ ಜೋರಾಗಿ ಓಡಿತು.

"ಆ ಬಟ್ಟಲು ಎಡಕ್ಕೆ. ಎಡಗೈ ಯಾವ್ದು ಅಂತ ಗೊತ್ತಲ್ವಾ ಪಂಡಿತ್ರೇ? ಕೆಟಲಿನ ಮೂತಿ ಕಿಟಕಿ ಕಡೆ ಇತ್ತು, ನಿಮ್ಮ ಮೂತಿ ಕಡೆ ಅಲ್ಲ. ಮದ್ವೆ ಆದಾಗಿಂದ ಒಂದು ಚಮಚ ಎತ್ತಿಟ್ಟವರಲ್ಲ, ಇವತ್ತೇ ಮನೆಯೆಲ್ಲಾ ಎತ್ತಿಡೋ ಬುದ್ಧಿ ಬಂತಾ? ಮೂಲಂಗಿ ಅಲ್ಲಿ ಅಲ್ಲ, ಮೇಲೆ, ಇನ್ನೂ ಮೇಲೆ. ಕತ್ತು ಎತ್ತಿ, ಕಡಲಿಗೇನು ಬೀಳಕ್ಕಿಲ್ಲ."

ಗೋಡೆಯ ಮಸಿಗೆ ಕಲಾ ವಿಭಾಗದವರು ಮೂರು ಗಂಟೆ ಬೇಕು ಅಂದರು. ತಮಾಯೊ ಅನ್ನದ ಪಾತ್ರೆಯ ಮಸಿ ಹಿಡಿದ ತಳಕ್ಕೆ ಎರಡೂ ಅಂಗೈ ತೀಡಿ, ಗೋಡೆಗೆ ಬಳಿದಳು. ಆಗಷ್ಟೇ ಕೊಯ್ದ ಬಾರ್ಲಿಯ ಒದ್ದೆ ಹುಲ್ಲು ತಂದು ಒಲೆಗೆ ತುರುಕಿದಳು. ಹೊಗೆ ಎದ್ದಿತು. ಟೋಕಿಯೋ ಪೂರ್ತಿ ಕೆಮ್ಮಿತು. ಹೊಗೆ ಇಳಿದಾಗ ಗೋಡೆ ಬೆಳಿಗ್ಗೆಗಿಂತ ಚೆನ್ನಾಗಿ ಹಳೆಯದಾಗಿತ್ತು. ಪೇಟೆಯಲ್ಲಿ ಕಟ್ಟಿಸಿಕೊಂಡ ತುರುಬು ಮಾತ್ರ ಒಂದು ಬದಿಗೆ ವಾಲಿ, ಹಣೆಯ ಮೇಲೆ ಮಸಿಯ ಪಟ್ಟೆ ಬಿದ್ದಿತ್ತು. ಸರಿಮಾಡಲು ಬಂದ ಹುಡುಗಿಯನ್ನು ಸೆಗಾವಾ ತಡೆದು, ಹಾಗೇ ಇರಲಿ ಎಂದ. ಫೋಟೋ ಹಿಡಿದು ಒಂದೊಂದನ್ನೂ ತಾಳೆ ನೋಡಿದ ನೆಮೋತೊ, "ಎಲ್ಲ ಸರಿಯಾಗಿದೆ," ಎಂದು ಹೇಳಿ ಅತ್ತುಬಿಟ್ಟಳು.

ಗಂಟೆ ಎರಡೂ ನಲವತ್ತು. ಮನೆಯವರ ಪಾತ್ರದವರ ನಡುವೆ ತಮಾಯೊ ಮೇಜಿನ ಹತ್ತಿರ ಕೂತಳು. ನಾಯಕಿ ಗಂಟು ಅವುಚಿಕೊಂಡು ಬಾಗಿಲಲ್ಲಿ ನಿಂತಳು. ಕ್ಯಾಮೆರಾ ತಮಾಯೊ ಕಡೆ ತಿರುಗಿತು.

ತಮಾಯೊ ಬೆನ್ನು ನೆಟ್ಟಗೆ ಮಾಡಿ, ಅಂಗೈ ಚಾಚಿ, ಗಾಜಿನಂಥ ದನಿಯಲ್ಲಿ ಹೇಳಿದಳು. "ಆ ಗಂಟನ್ನು ದಯವಿಟ್ಟು ಕೆಳಗಿರಿಸಿ. ಅನ್ನವು ಆರಲಿದೆ. ತಾವು ಬಂದು ಊಟ ಮಾಡಬಹುದು."

ಲಿಫ್ಟ್ ಬಂದಿತ್ತು! ಮೂರನೆಯ ಮಹಡಿ, ಮಕ್ಕಳ ಉಡುಪು ಎಂದು ಕೂಡ ಹೇಳುತ್ತಾಳೆ ಅನ್ನಿಸಿತು. ಕ್ಯಾಮೆರಾ ಕಂಡ ಕೂಡಲೇ ನಲವತ್ತು ವರ್ಷದ ಹಿಂದಿನ ಆ ಮೇಲ್ವಿಚಾರಕಿ ಬಂದು ಗಂಟಲಲ್ಲಿ ಕೂತಿದ್ದಳು.

"ಇನ್ನೊಂದು ಸಲ. ಮನೇಲಿ ಮಾತಾಡೋ ಹಾಗೆ," ಎಂದ ಸೆಗಾವಾ.

ಎರಡನೆಯ ಸಲವೂ ಲಿಫ್ಟೇ. ಮೂರನೆಯ ಸಲ ಅವಳ ದನಿ ಅರ್ಧಕ್ಕೆ ಇಳಿದು ಯಾರಿಗೂ ಕೇಳಿಸಲೇ ಇಲ್ಲ. ಬಿಸಿಲು ಮೇಜಿನ ಅಂಚಿಗೆ ಬಂದಿತ್ತು. ತಮಾಯೊ ಕಣ್ಣಲ್ಲಿ ನೀರಾಡಿತು. ಬಾಗಿಲ ಹೊರಗೆ, ನಾಯಕಿಯ ಬೆನ್ನ ಹಿಂದೆ ಕತ್ತು ಉದ್ದ ಮಾಡಿ ನಿಂತಿದ್ದ ತೋಕುಜಿಗೆ ಅದು ಕಂಡಿತು. ಅವನಿಗೆ ಸಂಕಟವಾದಾಗ ಕೈ ತನ್ನಷ್ಟಕ್ಕೆ ತಿನ್ನುವುದಕ್ಕೆ ಹೋಗುತ್ತದೆ, ಹುಟ್ಟುಗುಣ. ಪಕ್ಕದಲ್ಲಿ ತಟ್ಟೆಯೊಂದಿತ್ತು. ಮೇಜಿನ ಮೇಲಿನದು ಕೆಟ್ಟರೆ ಬೇಕಾಗುತ್ತದೆಂದು ಎತ್ತಿರಿಸಿದ್ದ ಅನ್ನದ ಉಂಡೆಗಳು. ನಾಲ್ಕನೆಯ ಸಲ ಕ್ಯಾಮೆರಾ ಓಡತೊಡಗಿದಾಗ ಅವನ ಕೈಯಲ್ಲಿ ಒಂದು ಉಂಡೆ ಬಾಯಿಯ ದಾರಿಯಲ್ಲಿತ್ತು.

ತಮಾಯೊ ತಲೆಯೆತ್ತಿದಳು. ನಾಯಕಿಯ ಭುಜದ ಮೇಲಿನಿಂದ ಅವಳ ಕಣ್ಣು ಅವನ ಮೇಲೆ ಬಿತ್ತು.

"ಅದನ್ನ ಕೆಳಗೆ ಮಡಗು!" ತೊಲೆಯ ಮಸಿ ಉದುರುವಂತೆ ಬಂತು ಮಾತು. ಗಂಡನಿಗೆ ಬಹುವಚನ ಕೊಡಲು ಅವಳಿಗೆ ಪುರುಸೊತ್ತಿರಲಿಲ್ಲ. "ಹಸಿವಾದ್ರೆ ಒಳಗ್ ಬಂದು ಕೂತ್ಕೊಂಡು ಉಣ್ಬೇಕು. ಹಂಗೆ ಬಾಗ್ಲಾಗ್ ನಿಂತ್ಕೊಂಡು ಯಾಕ್ ಸಾಯ್ತೀಯಾ? ಇದೇನ್ ಬ್ಯಾರೆಯೋರ ಮನೆನಾ?"

ನಾಯಕಿ ಬೆಚ್ಚಿ ಗಂಟನ್ನು ಕೆಳಗೆ ಹಾಕಿದಳು. ಓಡಿ ಬಂದು ಮೇಜಿನ ಮುಂದೆ ಕೂತಳು. ಬಟ್ಟಲು ಎತ್ತಿಕೊಂಡಳು. ಎರಡು ತುತ್ತು ಉಂಡವಳ ಕಣ್ಣಿಂದ ನೀರು ಇಳಿಯಿತು. ಅದು ಬರೆದುಕೊಟ್ಟದ್ದರಲ್ಲಿ ಇರಲಿಲ್ಲ. ಬಾಗಿಲ ಹೊರಗೆ ತೋಕುಜಿಯೂ ಉಂಡೆ ಕೆಳಗಿಟ್ಟು ಕೈ ಕಟ್ಟಿ ನಿಂತಿದ್ದ.

ಬಿಸಿಲು ಮೇಜಿನಿಂದ ಇಳಿಯಿತು. ಸೆಗಾವಾ ಎದ್ದು, ತಮಾಯೊ ಮುಂದೆ ಮಂಡಿಯೂರಿ, "ನಾಲ್ಕು ತಿಂಗಳು ಕೂತು ಬರೆದ್ರೂ ನಮಗೆ ಈ ಮಾತು ಸಿಕ್ಕಿರಲಿಲ್ಲ. ತುಂಬಾ ಉಪಕಾರವಾಯ್ತು," ಎಂದು ತಲೆಬಾಗಿದ. ಅವನ ಹಿಂದೆ ತಂಡದ ಮೂವತ್ತು ಜನ ಬಗ್ಗಿದರು. ನಲವತ್ತು ವರ್ಷದ ಹಿಂದೆ ತನ್ನ ಮಾತಿಗೆ ನಕ್ಕ ಊರು ಈಗ ತನ್ನ ಮಣ್ಣಿನ ನೆಲಕ್ಕೆ ಬಗ್ಗಿರುವುದನ್ನು ನೋಡಿ ತಮಾಯೊ, "ಆ ಉಂಡೆಗಳು ಮಿಕ್ಕಿದ್ರೆ ಎಲ್ಲಾರೂ ತಿನ್ನಿ," ಎಂದಳು.

ಶರತ್ಕಾಲದಲ್ಲಿ ಧಾರಾವಾಹಿ ಬಂತು. ಸಂಜೆ ಆರು ಗಂಟೆಗೆ ತೋಕುಜಿ ಕೇರಿಯವರನ್ನೆಲ್ಲ ಟಿ.ವಿ. ಮುಂದೆ ಕೂರಿಸಿದ. ತಮಾಯೊಗಿಂತ ಹೆಚ್ಚಾಗಿ ತನಗಾಗಿ ಎಂಬುದನ್ನು ಮುಚ್ಚಿಡಲಿಲ್ಲ. "ಕೊನೇಲಿ ಹೆಸರುಗಳು ಬರ್ತವೆ. ಎದ್ದು ಹೋಗ್ಬ್ಯಾಡಿ," ಎಂದು ಮೊದಲೇ ಎಲ್ಲರಿಗೂ ತಾಕೀತು ಮಾಡಿದ.

ತಮಾಯೊ ಬಂದಳು, ಗದರಿದಳು, ಹೋದಳು. ಕೇರಿಯ ಹೆಂಗಸರು ಕಣ್ಣೊರೆಸಿಕೊಂಡರು. "ಅದು ಯಾರನ್ನ ಬಯ್ದಿದ್ದು ಅಂತ ನಂಗೊತ್ತು," ಎಂದಳು ಎಗುಚಿ. ಆಮೇಲೆ ಹೆಸರುಗಳು ಮೇಲೇರತೊಡಗಿದವು. ತೋಕುಜಿ ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಹೋದ.

ಸಾಗಾ ಭಾಷಾ ಮಾರ್ಗದರ್ಶನ: ಮಿತ್ಸುತಾಕೆ ತಮಾಯೊ.

"ತಪ್ಪು ಹಾಕವ್ರೆ," ಎಂದ ತೋಕುಜಿ.

"ತಪ್ಪಲ್ಲ," ಎಂದಳು ತಮಾಯೊ. "ಬೇಸಿಗೆಯೆಲ್ಲಾ ದಿನಾ ಸಂಜೆ ಸೆಗಾವಾ-ಸಾನ್ ಫೋನ್ ಮಾಡಿ ಒಂದೊಂದು ಮಾತೂ ನನ್ನ ಹತ್ರ ಆಡಿಸಿ ಕೇಳ್ಕೋತಿದ್ರು. ಫೋನ್ ಮಾಡ್ತಿರೋದು ನಮ್ಮ ಅಕ್ಕ ಅಂದ್ಕೊಂಡ್ರಲ್ಲ ನೀವು, ಅದು ಅಕ್ಕ ಅಲ್ಲ."

ಕೇರಿಯವರು ಉಪಾಯವಾಗಿ ಎದ್ದು ಹೋದರು. ತೋಕುಜಿ ಟಿ.ವಿ. ಆರಿಸಿದ. ಹೊಟ್ಟೆಕಿಚ್ಚು ಆಗಬೇಕಿತ್ತು. ಹುಡುಕಿದ, ಸಿಗಲಿಲ್ಲ. ಸಿಕ್ಕಿದ್ದು ಬೇರೆಯೇ ಒಂದು. ಅವತ್ತು ಇವಳು ಬಾಗಿಲಲ್ಲೇ ಕೂತು ಅತ್ತಿದ್ದರೆ? ಇಡೀ ಊರಿನ ಮುಂದೆ ನನ್ನ ಮಾನ ಎಲ್ಲಿರುತ್ತಿತ್ತು? ಮಸಿ ಬಳಿದುಕೊಂಡು ಅದನ್ನು ಉಳಿಸಿದವಳು ಇವಳು. ಅದೊಂದೇ ದಿನವೇನು, ಮೂವತ್ತೆಂಟು ವರ್ಷವೂ ಅದೇ ಕೆಲಸ. ಅವನಿಗೆ ಎದೆ ತುಂಬಿ ಬಂತು. ಹೇಳಲೇಬೇಕು ಅನ್ನಿಸಿತು. ಗಂಟಲು ಸರಿಮಾಡಿಕೊಂಡು, ಮಂಡಿಯೂರಿ ಕೂತು, ಗೋಡೆಯ ಕಡೆ ನೋಡುತ್ತ ಹೇಳಿದ.

"ಇಷ್ಟು ವರ್ಷಗಳ ನಿಮ್ಮ ಸೇವೆಗಾಗಿ ಹೃತ್ಪೂರ್ವಕ ಧನ್ಯವಾದಗಳನ್ನು ಅರ್ಪಿಸುತ್ತೇನೆ."

ತಮಾಯೊ ತಟ್ಟೆ ಒರೆಸುವುದನ್ನು ನಿಲ್ಲಿಸಿದಳು. "ಇದ್ಯಾವೂರ ಮಾತು?"

ತೋಕುಜಿ ಇನ್ನೂರ ಹದಿನಾಲ್ಕು ಶಬ್ದ ಬರೆದ ತಲೆಯೊಳಗೆ ತಡಕಿದ. ಕಡಲಿನ ಕೆಸರಿಗೆ ಹನ್ನೊಂದು ಹೆಸರು ಸಿಕ್ಕಿದವು, ಸೋಮಾರಿಗೆ ಆರು, ಕುಡುಕನಿಗೆ ಒಂಬತ್ತು. ಹೆಂಡತಿಗೆ ಉಪಕಾರವಾಯಿತು ಎಂದು ಹೇಳುವ ಒಂದೇ ಒಂದು ಸಾಗಾ ಮಾತೂ ಸಿಗಲಿಲ್ಲ. ಒಮ್ಮೆಯಾದರೂ ಬಳಸಿದ್ದರೆ ತಾನೆ ಸಿಗಲು?

"ನೀನು... ಇರೋದ್ರಿಂದ... ನಾನು ಇವ್ನಿ," ಎಂದ ಕೊನೆಗೆ, ನೆಲ ನೋಡುತ್ತ, ಅರ್ಧ ದನಿಯಲ್ಲಿ.

ಭಾಷಾ ಮಾರ್ಗದರ್ಶಕಿ ಕಿವಿಗೊಟ್ಟು ಕೇಳಿದಳು. ತಟ್ಟೆ ಕೆಳಗಿಟ್ಟು, ಒಂದು ಗಳಿಗೆ ಅತ್ತ ತಿರುಗಿ ಕಣ್ಣೊರೆಸಿಕೊಂಡು, ಮತ್ತೆ ಇತ್ತ ತಿರುಗಿದಳು.

"ಮಾತು ಪರವಾಗಿಲ್ಲ, ಊರಿಂದೇ," ಎಂದಳು. "ದನಿ ಸಾಲದು. ಇನ್ನೊಂದು ಸಲ."

ತೋಕುಜಿ ಅದನ್ನು ಒಂಬತ್ತು ಸಲ ಹೇಳಿದ ಮೇಲೆ ಒಪ್ಪಿಗೆ ಸಿಕ್ಕಿತು.